ಒಂಬತ್ತು ಮುನಿಯಪ್ಪಂದಿರಿಗೆ ಒಂದೇ ಕುಕ್ಕರ್

ಕಸ ಎಲ್ಲಿ ಕಂಡರೂ ಗುಡಿಸುವುದು ನನ್ನ ಹುಟ್ಟುಗುಣ. ಹಾಗಾಗಿ ಎಂಬತ್ತರ ದಶಕದಲ್ಲಿ ಪೀಣ್ಯದ ನಮ್ಮ ಕಾರ್ಖಾನೆಗೆ ಕಂಪ್ಯೂಟರ್ ಬಂದಾಗ, ಕಾರ್ಮಿಕರ ಪಟ್ಟಿಯನ್ನು ಶುದ್ಧೀಕರಿಸುವ ಘನಕಾರ್ಯ ಗುಮಾಸ್ತನಾದ ನನ್ನ ಪಾಲಿಗೇ ಬಂತು.

"ಒಬ್ಬನೇ ಮನುಷ್ಯ ಎರಡು ಸಲ ಬರಬಾರದು ಕಣಯ್ಯ. ಆಯುಧಪೂಜೆಗೆ ಎಲ್ರಿಗೂ ಪ್ರೆಶರ್ ಕುಕ್ಕರ್. ಕೂಪನ್ನು ಕಂಪ್ಯೂಟರೇ ಅಚ್ಚು ಹಾಕುತ್ತೆ" ಎಂದರು ಮ್ಯಾನೇಜರು.

ಕುಕ್ಕರ್! ನನ್ನ ಹೆಂಡತಿ ವಿಶಾಲು ಬೇಳೆ ಬೇಯಿಸಿ ಬೇಯಿಸಿ ತಾನೇ ಬೆಂದುಹೋಗಿದ್ದಳು. ಸುದ್ದಿ ಕೇಳಿದವಳೇ ಒಲೆಯ ಪಕ್ಕ ಅದಕ್ಕೊಂದು ಜಾಗ ಮಾಡಿಟ್ಟಳು.

ನಾನು ಕೆಂಪು ಪೆನ್ನು ಹಿಡಿದೆ. ಒಬ್ಬೊಬ್ಬ ಕಾರ್ಮಿಕನಿಗೆ ಒಂದೊಂದು ಟಿಕೆಟ್ ನಂಬರ್ ಇತ್ತು. ಮೊದಲು ಆ ಕಾಲಂ ಕಿತ್ತೆಸೆದೆ. ಹೆತ್ತವರು ಇಟ್ಟ ಹೆಸರಿರುವಾಗ ನಂಬರೇಕೆ? ನಾವೇನು ಕೈದಿಗಳೇ? ಆಮೇಲೆ ಎರಡನೇ ಸಲ ಬಂದ ಹೆಸರನ್ನೆಲ್ಲ ಹೊಡೆದುಹಾಕಿದೆ. ಮುನಿಯಪ್ಪ ಒಂಬತ್ತು ಸಲ ಬಂದಿದ್ದ! ಹಿಂದಿನ ಗುಮಾಸ್ತನ ಬೇಜವಾಬ್ದಾರಿಗೆ ಮರುಗುತ್ತಾ ಎಂಟು ಸಲ ಹೊಡೆದೆ. ನನ್ನ ಪಟ್ಟಿಯ ಲೆಕ್ಕಕ್ಕೇ ಕುಕ್ಕರ್ ತರಿಸಿದರು.

ಪೂಜೆಯ ದಿನ ಕುಂಬಳಕಾಯಿ ಒಡೆದಾಗಿತ್ತಷ್ಟೆ. ಒಂಬತ್ತು ಮುನಿಯಪ್ಪಂದಿರು ಒಂದು ಕೂಪನ್ ಹಿಡಿದು ನನ್ನ ಮೇಜು ಮುತ್ತಿದರು.

"ಒಂಬತ್ ಜನಕ್ಕೆ ಒಂದೇ ಕುಕ್ಕರಾ ಸಾ? ಇಂಗಾದ್ರೆ ಎಂಗೆ?"

"ತಾಳ್ರಪ್ಪಾ, ಈಗ ಸರಿ ಮಾಡ್ತೀನಿ. ಅಪ್ಪನ ಹೆಸರು ಹೇಳಿ."

"ಮುನಿವೆಂಕಟಪ್ಪ" ಎಂದರು ಮೂವರು, ಒಟ್ಟಿಗೆ!

"ಊರು?"

"ಒಂದೇ ಊರು ಸಾ. ನಮ್ಮ ಮುನೇಶ್ವರನ ಹೆಸ್ರು. ಮನೆಗೊಬ್ಬ ಅವ್ನೆ."

ನಾನು ಬೆವರು ಒರೆಸಿಕೊಳ್ಳುವಾಗ, ಚೀಲ ಹಿಡಿದು ಬಂದಿದ್ದ ವಿಶಾಲುವನ್ನು, ಕೂಪನ್ನು ಕುಕ್ಕರು ಹಂಚುತ್ತಿದ್ದ ಸ್ಟೋರ್‌ಕೀಪರ್ ಕೇಳಿದ: "ಯಜಮಾನ್ರ ಹೆಸರೇನಮ್ಮ?"

ಗಂಡನ ಹೆಸರು ಹೇಳುವುದೆಂದರೆ ಅವಳಿಗೆ ಮಹಾಪಾಪ. "ಟಿಕೆಟ್ ನಂಬರ್ ನಾನೂರ ಹದಿನೇಳು" ಎಂದಳು, ಠೀವಿಯಿಂದ.

"ಪಟ್ಟೀಲಿ ನಂಬರೇ ಇಲ್ವಲ್ಲಮ್ಮಾ! ಯಾರೋ ಪುಣ್ಯಾತ್ಮ ತೆಗೆದುಬಿಟ್ಟಿದಾನೆ."

ನಾನು ಓಡಿಹೋಗಿ, "ನಾಗರಾಜ ಅಂತ ನೋಡು ಮಾರಾಯ!" ಎಂದೆ.

"ನಾಗರಾಜ ಆಗ್ಲೇ ತಗೊಂಡು ಹೋದ್ರಲ್ಲಾ ಸಾರ್, ವೆಲ್ಡಿಂಗ್ ಸೆಕ್ಷನ್ನೋರು."

ಹೌದು, ಐವರು ನಾಗರಾಜರಲ್ಲಿ ನಾಲ್ವರನ್ನು ಹೊಡೆದುಹಾಕಿದ್ದೆ. ಆ ನಾಲ್ವರಲ್ಲಿ ನಾನೂ ಒಬ್ಬ!

ಮುಂದಿನ ವಾರ ನಂಬರ್ ಸಮೇತ ಹೊಸ ಪಟ್ಟಿ ಮಾಡಿದೆ. ಬಿಟ್ಟುಹೋದವರಿಗೆಲ್ಲ ಕುಕ್ಕರ್ ಬಂತು, ಎಂಟು ಮುನಿಯಪ್ಪಂದಿರಿಗೂ ಬಂತು. "ನಿನಗೆ ಮುಂದಿನ ವರ್ಷ ನೋಡೋಣ" ಎಂದರು ಮ್ಯಾನೇಜರು.

ಒಲೆಯ ಪಕ್ಕದ ಆ ಖಾಲಿ ಜಾಗದಲ್ಲಿ ವರ್ಷವಿಡೀ ನಾನೇ ಕೂತೆ, ಕೈಯಲ್ಲಿ ಸೌಟು ಹಿಡಿದು. ಸ್ವಲ್ಪ ತೂಕಡಿಸಿದರೂ ನಡುಮನೆಯಿಂದ ವಿಶಾಲುವಿನ ಕೂಗು ಬರುತ್ತಿತ್ತು:

"ನಾನೂರ ಹದಿನೇಳೂ, ಬೇಳೆ ತಳ ಹಿಡೀತಿದೆ ನೋಡ್ರೀ!"