ಹಲಗೆ ಬಡಿಸಿ ಗಡಿ ದಾಟಿಸಿದ ಹುಳ

ನಾನು ಈಗ ಹೇಳುವುದನ್ನು ನೀವು ನಂಬುವುದಿಲ್ಲ. ನಂಬಬೇಡಿ, ನನಗೇನೂ ನಷ್ಟವಿಲ್ಲ. ಸಾಸ್ವೆಹಳ್ಳಿ ಕಡೆ ಬಂದಾಗ ಯಾರನ್ನಾದರೂ ನಿಲ್ಲಿಸಿ ‘ಹುಳದವನ ಮನೆ ಯಾವುದು’ ಅಂತ ಕೇಳಿ. ನೇರ ನಮ್ಮ ಜಗಲಿಗೆ ಕರೆದುಕೊಂಡು ಬಂದು ಕೂರಿಸುತ್ತಾರೆ. ಅಲ್ಲಿ ಕೂತ ಮೇಲೂ ನಂಬದವರನ್ನು ನಾನು ಇದುವರೆಗೆ ಕಂಡಿಲ್ಲ.

ಹೂವು ಬೆಳೆಯುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಜೋಳದ ಹೊಲಕ್ಕೂ ಹುಳ ಬರುತ್ತದೆ, ತಿನ್ನುತ್ತದೆ, ಹೋಗುತ್ತದೆ. ಹೂವಿನ ಹೊಲಕ್ಕೆ ಬಂದ ಹುಳ ಮಾತ್ರ ಊರನ್ನೆಲ್ಲ ಎಳೆದುಕೊಂಡು ಬರುತ್ತದೆ.

ಅಜ್ಜಿಯ ಹೊಗೆಸೊಪ್ಪು

ಹೊನ್ನಾಳಿಯ ಸ್ಕೂಲಿನಲ್ಲಿ ನಾಲ್ಕು ಅಕ್ಷರ ಕಲಿತು ಊರಿಗೆ ಬಂದಿದ್ದೆ. ನಮ್ಮೂರಲ್ಲಿ ನನ್ನಷ್ಟು ಚುರುಕಿನವನು ಇನ್ನೊಬ್ಬನಿರಲಿಲ್ಲ. ಇದನ್ನು ನಾನೇ ಹೇಳಬೇಕಾಗಿದೆ, ಊರಿನವರಿಗೆ ಹೊಟ್ಟೆಕಿಚ್ಚು.

ನ್ಯಾಮತಿ ಸಂತೆಯಲ್ಲಿ ಒಂದು ಸಂಗತಿ ನೋಡಿದ್ದೆ. ಬದನೆಕಾಯಿಗೆ ಚೌಕಾಸಿ ಮಾಡಿ ಮಾಡಿ ಬಿಟ್ಟು ಹೋದ ಹೆಂಗಸು, ಹೂವಿನ ಮುಂದೆ ನಿಂತರೆ ಕೊಳ್ಳದೆ ಹೋಗುವುದಿಲ್ಲ. ಮನೆಗೆ ಬಂದವನೇ ಅಪ್ಪನನ್ನು ಕೇಳಿದೆ: “ಬಾವಿ ಬದಿ ಹೊಲ ನಂಗೆ ಬಿಡು. ಸೇವಂತಿಗೆ ಹಾಕ್ತೀನಿ.”

ಅಪ್ಪ ಎಲೆಗೆ ಸುಣ್ಣ ಹಚ್ಚುತ್ತ ಯೋಚಿಸಿದ. “ಹಾಕು. ಹೂವು ಬಂದ್ರೆ ಹೊಲ ನಿಂದು. ಹುಳ ಬಂದ್ರೆ ನೀನು ಬಿಳಿಚೋಡಿನ ನಿಮ್ಮ ಮಾವನ ಕುರಿ ಹಿಂದೆ. ಕಾರ್ತಿಕದಾಗೆ ಲೆಕ್ಕ ಮುಗಿಸಾಣ.”

ನನ್ನ ಸೋದರಮಾವ ಒಳ್ಳೆಯವನೇ. ಆದರೆ ಜಗಳೂರು ಸೀಮೆಯ ಬಿಸಿಲಲ್ಲಿ ಕುರಿಯ ಬಾಲ ನೋಡುತ್ತ ನಡೆಯುವುದಕ್ಕೆ ನನ್ನಂಥವನು ಯಾಕೆ? ಒಪ್ಪಿಕೊಂಡೆ.

ಸಸಿ ಮೊಣಕಾಲುದ್ದ ಬಂದವು. ಊರೇ ಹೊಗಳುವ ಹೊತ್ತಿಗೆ ಕುಡಿಗಳ ಮೇಲೆ ಎಳ್ಳು ಚೆಲ್ಲಿದ ಹಾಗೆ ಕರಿ ಹೇನು. ಹೊಗೆಸೊಪ್ಪಿನ ಕಷಾಯ ಹೊಡೆದರೆ ಹೇನು ಸಾಯುತ್ತದೆ ಅಂತ ಕೇಳಿದ್ದೆ. ಮನೆಯಲ್ಲಿ ಹೊಗೆಸೊಪ್ಪು ಇದ್ದದ್ದು ಒಂದೇ ಕಡೆ, ಅಜ್ಜಿಯ ಮಂಚದ ಕೆಳಗಿನ ಗಡಿಗೆಯಲ್ಲಿ. ವರ್ಷದ ದಾಸ್ತಾನು. ಅಷ್ಟನ್ನೂ ತೆಗೆದು ಕುದಿಸಿ, ಸಾಬೂನು ಕದಡಿ, ಪೊರಕೆಯಿಂದ ಗಿಡಗಳಿಗೆ ಚಿಮುಕಿಸಿದೆ. ಹೇನುಗಳು ಕಪ್ಪು ನುಚ್ಚಿನ ಹಾಗೆ ಉದುರಿದವು.

ಸಂಜೆ ಅಜ್ಜಿ ಕೋಲೂರಿಕೊಂಡು ಹೊಲಕ್ಕೇ ಬಂದಳು. ಬೈಗುಳಕ್ಕೆ ಬೆನ್ನು ಗಟ್ಟಿ ಮಾಡಿಕೊಂಡು ನಿಂತೆ. ಅವಳು ಬೈಯಲಿಲ್ಲ. ಒಂದು ಸೇವಂತಿಗೆ ಎಲೆ ಕಿತ್ತು, ಸೆರಗಿನಲ್ಲಿ ಒರೆಸಿ, ದವಡೆಗೆ ಇಟ್ಟುಕೊಂಡು ಬದುವಿನ ಮೇಲೆ ಕೂತಳು. ನಿಧಾನವಾಗಿ ಅಗಿದಳು. ಆಮೇಲೆ ಉಗಿದು ಹೇಳಿದಳು:

“ಕಾರ ಸಾಲದು. ಇನ್ನೊಂದು ಸಲ ಹೊಡಿ.”

ಇರುವೆಗಳ ಹಟ್ಟಿ

ಇನ್ನೊಂದು ಸಲ ಹೊಡೆಯೋಣವೆಂದರೆ ಗಡಿಗೆ ಖಾಲಿ. ಉಳಿದ ನಾಲ್ಕು ಹೇನು ಮತ್ತೆ ಸಂಸಾರ ಹೂಡಿದವು. ನಾನು ಹೊಟ್ಟೆಯ ಮೇಲೆ ಮಲಗಿ ಅವುಗಳನ್ನೇ ನೋಡತೊಡಗಿದೆ. ನೋಡುವುದು ನನ್ನ ಹುಟ್ಟುಗುಣ.

ಆಗ ಕಂಡಿತು. ಇರುವೆಗಳು ಸಾಲಾಗಿ ಗಿಡ ಹತ್ತುತ್ತಿದ್ದವು. ಹೇನನ್ನು ತಿನ್ನಲು ಅಂದುಕೊಂಡೆ. ಅಲ್ಲ. ಒಂದೊಂದು ಇರುವೆ ಒಂದೊಂದು ಹೇನಿನ ಹಿಂದೆ ನಿಂತು, ಮೀಸೆಯಿಂದ ಬೆನ್ನು ಸವರುತ್ತದೆ. ಹೇನಿನ ಹಿಂಬದಿಯಲ್ಲಿ ಒಂದು ಹನಿ ಜಿನುಗುತ್ತದೆ. ಇರುವೆ ಅದನ್ನು ಕುಡಿದು ಪಕ್ಕದ ಹೇನಿಗೆ ಹೋಗುತ್ತದೆ. ನಮ್ಮ ಅವ್ವ ಎಮ್ಮೆಯ ಕೆಚ್ಚಲು ಸವರುವುದಕ್ಕೂ ಇದಕ್ಕೂ ಎಳ್ಳಷ್ಟು ವ್ಯತ್ಯಾಸವಿಲ್ಲ.

ಕಟ್ಟೆಯ ಮೇಲೆ ಇದನ್ನು ಹೇಳಿದೆ. ಅಲ್ಲಿ ಕೂತವರು ನಕ್ಕ ನಗುವಿಗೆ ಕಟ್ಟೆಯ ಕಲ್ಲು ಅಲ್ಲಾಡಿರಬೇಕು. “ಇರುವೆ ಹಾಲು ಕರೀತಾವಂತೆ ಕಣ್ರಪ್ಪೋ. ಮಜ್ಜಿಗೆ ಕಡೆಯೋದು ಯಾವಾಗಂತೆ?”

ನಾನು ಬಿಡುವವನೇ? ಹಳೇ ದಸ್ತಾವೇಜು ಓದಲು ಶಾನುಭೋಗರು ಇಟ್ಟುಕೊಂಡಿದ್ದ ಭೂತಗನ್ನಡಿಯನ್ನು ಕಾಡಿ ಬೇಡಿ ತಂದೆ. ಊರ ಗೌಡರನ್ನೇ ಹೊಲಕ್ಕೆ ಎಳೆದುಕೊಂಡು ಹೋಗಿ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂರಿಸಿದೆ. ಗೌಡರು ಒಂದು ಕಣ್ಣು ಮುಚ್ಚಿ ನೋಡಿದರು. ಬಹಳ ಹೊತ್ತು ನೋಡಿದರು. ಹಿಂದೆ ನಿಂತ ಕಟ್ಟೆಯವರು ಕತ್ತು ಉದ್ದ ಮಾಡಿದರು.

“ಕರೀತಾವೆ ಕಣಲೇ,” ಅಂದರು ಗೌಡರು. ಕನ್ನಡಿ ಕೊಡುವ ಮನಸ್ಸಾಗದೆ ಮತ್ತೆ ಬಗ್ಗಿದರು. “ನಮ್ಮ ಮನೆ ಎಮ್ಮೆಗಿಂತ ಇವೇ ಮೇಲು. ಒಂದೂ ಒದಿಯಂಗಿಲ್ಲ.”

ಮಾರನೆಯ ದಿನದಿಂದ ಊರಿಗೂರೇ ಕರಾವು ನೋಡಲು ಬಂತು. ಗಂಡಸರು, ಹೆಂಗಸರು, ಸೊಂಟದ ಮೇಲಿನ ಕೂಸು. ಹೇನು ತಿಂದು ಹಾಳಾದ ಗಿಡಕ್ಕಿಂತ ಹೇನು ನೋಡಲು ಬಂದವರು ತುಳಿದು ಹಾಳಾದ ಗಿಡ ಜಾಸ್ತಿ. ಅಪ್ಪ ಬದುವಿನ ಮೇಲೆ ನಿಂತು ಕೇಳಿದ: “ಇವುಕ್ಕೆ ಯಾವ ಕಷಾಯ ಹೊಡೀತೀಯಪ್ಪ?”

ಚನ್ನಗಿರಿಯ ಗಂಧಕ

ಮಳೆ ಹಿಂದೆಗೆದ ಮೇಲೆ ಇನ್ನೊಂದು ಕಾಟ ಶುರುವಾಯಿತು. ಎಲೆಗಳು ಬೂದಿ ಬಣ್ಣಕ್ಕೆ ತಿರುಗಿದವು. ಹಿಂದೆ ಜೇಡನ ನೂಲಿನಂಥ ಬಲೆ, ಹುಳ ಮಾತ್ರ ಕಾಣದು. ಎಲೆಯನ್ನು ಬಿಳಿ ವಸ್ತ್ರದ ಮೇಲೆ ಕೊಡವಿದೆ. ಉದುರಿದ ಧೂಳು ನಡೆದಾಡತೊಡಗಿತು. ಕೆಂಪು ನುಸಿ.

ಚನ್ನಗಿರಿಯಲ್ಲಿ ವ್ಯವಸಾಯ ಇಲಾಖೆಯ ಮೇಸ್ತ್ರಿ ಒಬ್ಬರಿದ್ದರು. ಒಂದು ರೆಂಬೆಯನ್ನು ವಸ್ತ್ರದಲ್ಲಿ ಕಟ್ಟಿಕೊಂಡು ಹೋಗಿ ತೋರಿಸಿದೆ. “ಗಂಧಕದ ಪುಡಿನ ತೆಳು ಬಟ್ಟೇಲಿ ಗಂಟು ಕಟ್ಟು. ಬೆಳಿಗ್ಗೆ ಇಬ್ಬನಿ ಇರೋವಾಗ ಗಿಡದ ಮೇಲೆ ಹಿಡಿದು ಕೋಲಲ್ಲಿ ತಟ್ಟು,” ಅಂದರು. ಪೇಟೆಯಲ್ಲಿ ಗಂಧಕ ಕೊಂಡು ಬಸ್ಸು ಹತ್ತಿದೆ.

ಅದು ಯುದ್ಧದ ಕಾಲ, ಚಳವಳಿಯ ಕಾಲ. ತಂತಿ ಕತ್ತರಿಸುವವರು, ಪತ್ರ ಹಂಚುವವರು ಅಂತ ಪೊಲೀಸರಿಗೆ ಎಲ್ಲರ ಮೇಲೂ ಗುಮಾನಿ. ದಾರಿಯಲ್ಲಿ ಒಬ್ಬ ಪೇದೆ ಬಸ್ಸು ಹತ್ತಿ ಮೂಗರಳಿಸಿ ನನ್ನ ಮುಂದೆ ಬಂದು ನಿಂತ.

“ಏನದು ಪಟಾಕಿ ವಾಸನೆ?”

“ಗಂಧಕ ಸ್ವಾಮಿ.”

“ಯಾರ ಮೇಲೆ ಹಾಕಾಕೆ?”

“ನುಸಿ ಮೇಲೆ.”

“ಎಲ್ಲಿದಾವೆ ನುಸಿ?”

“ಕಣ್ಣಿಗೆ ಕಾಣಂಗಿಲ್ಲ ಸ್ವಾಮಿ.”

ಬಸ್ಸಿನವರೆಲ್ಲ ನನ್ನಿಂದ ಒಂದೊಂದು ಗೇಣು ದೂರ ಸರಿದರು. ಪೇದೆ ನನ್ನನ್ನು ಕೆಳಗಿಳಿಸಿದ. ಬಸ್ಸು ಹೊರಟು ಹೋಯಿತು. ನಾನು ಹೆದರುವವನಲ್ಲ, ಕೈ ಮುಗಿದದ್ದು ಬರೀ ಮರ್ಯಾದೆಗೆ. ರೆಂಬೆ ತೆಗೆದು ಪೇದೆಯ ಅಂಗೈ ಮೇಲೇ ಕೊಡವಿದೆ. ಮೆಣಸಿನಪುಡಿಯಂಥ ನುಸಿ ತಾನೇ ತಾನಾಗಿ ಓಡಾಡಿತು. ಅವನು ಕೈಯನ್ನು ಕಣ್ಣಿನ ಹತ್ತಿರ ತಂದ, ಬೆರಳ ಸಂದಿಯನ್ನು ಪರಪರ ಕೆರೆದುಕೊಂಡ. ಆಗ ನನಗೆ ಕಂಡಿತು, ಆ ಸಂದಿಗಳಲ್ಲಿ ಮೊದಲೇ ಕಜ್ಜಿ.

“ಇದೂ ಇವುಗಳ ದಾಯಾದಿಗಳ ಕೆಲಸಾನೇ ಸ್ವಾಮಿ,” ಅಂದೆ. “ಗಂಧಕನ ಕೊಬ್ಬರಿ ಎಣ್ಣೆಗೆ ಕಲಸಿ ಹಚ್ಕಂಡ್ರೆ ಹೋಗುತ್ತೆ.”

ಪೇದೆ ಆ ಕಡೆ ಈ ಕಡೆ ನೋಡಿದ. “ಇಷ್ಟೊಂದು ಗಂಧಕ ಒಬ್ಬನ ಹತ್ರ ಇರಬಾರದು,” ಅಂತ ಗದರಿಸಿ, ಒಂದು ಪಾಲನ್ನು ಪೇಟದ ತುದಿಯಲ್ಲಿ ಕಟ್ಟಿಕೊಂಡು, ನನ್ನನ್ನು ಊರಿಗೆ ನಡೆದೇ ಹೋಗಲು ಬಿಟ್ಟ.

ಉಳಿದದ್ದರಲ್ಲೇ ನುಸಿ ಹತೋಟಿಗೆ ಬಂತು. ಮುಂದೊಂದು ಸಂತೆಯಲ್ಲಿ ಅದೇ ಪೇದೆ ಎದುರಾದ.

“ಹೆಂಗೈತೆ ನಿನ್ನ ಹೊಲ?”

“ವಾಸಿಯಾತು ಸ್ವಾಮಿ. ತಮ್ಮದು?”

“ನಂದೂ ವಾಸಿಯಾತು,” ಅಂದ, ಬಹಳ ಗೌರವದಿಂದ.

ಗಡಿಯಾಚೆಗೆ

ಮೊಗ್ಗು ಕಟ್ಟುವ ಹೊತ್ತಿಗೆ ಹೇನುಗಳ ನಡುವೆ ಹೊಸ ಹುಳ ಕಂಡವು. ಗುಲಗಂಜಿಯ ಹಾಗೆ ದುಂಡಗೆ, ಕೆಂಪಗೆ, ಬೆನ್ನ ಮೇಲೆ ಕಪ್ಪು ಚುಕ್ಕೆ. ಮುಟ್ಟಿದರೆ ಕಾಲು ಮಡಚಿಕೊಂಡು ಸತ್ತ ಹಾಗೆ ಬೀಳುತ್ತವೆ, ಬೆರಳಿಗೆ ಹಳದಿ ರಸ ಬಿಡುತ್ತವೆ. ಹೇನು ಇದ್ದ ಗಿಡದಲ್ಲೆಲ್ಲ ಇವೆ. ಹೇನು ಇಲ್ಲದ ಗಿಡದಲ್ಲಿ ಇಲ್ಲ. ನನ್ನ ಚುರುಕು ಬುದ್ಧಿಗೆ ತಕ್ಷಣ ಹೊಳೆಯಿತು: ಇವೇ ಹೇನುಗಳ ಅಪ್ಪ ಅವ್ವ.

ಬೆಳೆಗೆ ಹುಳ ಬಿದ್ದರೆ ನಮ್ಮ ಕಡೆ ಒಂದು ಪದ್ಧತಿ ಇದೆ. ಹುಳಗಳನ್ನು ಕೊಲ್ಲದೆ ಹೊಸ ಮಡಕೆಗೆ ತುಂಬಿ, ಅರಿಶಿನ ಕುಂಕುಮ ಇಟ್ಟು, ಬೇವಿನ ಸೊಪ್ಪು ಮುಚ್ಚಿ, ತಮಟೆಯಂಥ ಹಲಗೆ ಬಡಿಸುತ್ತ ಗಡಿಗಲ್ಲಿನ ಆಚೆ ಬಿಟ್ಟು ಬರುವುದು. ಬರುವಾಗ ತಿರುಗಿ ನೋಡಬಾರದು. ಎಲ್ಲರೂ ನಾಲ್ಕಾರು ಹುಳ ಹಿಡಿದು ಶಾಸ್ತ್ರ ಮುಗಿಸುತ್ತಾರೆ. ನಾನು ಮಾಡಿದರೆ ಪೂರ್ತಿ ಮಾಡುವವನು. ಹೊಲದಲ್ಲಿ ಒಂದೂ ಉಳಿಯದ ಹಾಗೆ ಗುಲಗಂಜಿ ಹುಳ ಆರಿಸಿ, ಹಲಗೆಯವನನ್ನು ಕರೆಸಿ, ಮೆರವಣಿಗೆಯಲ್ಲಿ ಒಯ್ದು ಗಡಿಯಾಚೆ ಸುರಿದೆ. ಅಲ್ಲಿ ಪಕ್ಕದ ಊರಿನ ಒಬ್ಬ ಹೆಂಗಸಿನ ಸೇವಂತಿಗೆ ತೋಟವಿತ್ತು. ನಾವು ಅವಳನ್ನು ಹೂವಿನಕ್ಕ ಅನ್ನುತ್ತಿದ್ದೆವು. ಸಂತೆಯಲ್ಲಿ ಅವಳ ಹೂವೇ ಮೊದಲು ಖರ್ಚಾಗುತ್ತಿದ್ದದ್ದು ನನಗೆ ಸರಿಬರುತ್ತಿರಲಿಲ್ಲ. ತಿರುಗಿ ನೋಡದೆ ಬಂದೆ.

ಆಮೇಲೆ ನನ್ನ ಹೊಲ ಕಪ್ಪಾಯಿತು. ಕುಡಿ ಕಾಣದ ಹಾಗೆ ಹೇನು, ಬೆಲ್ಲದ ಪಾಕ ಸುರಿದಂತೆ ಅಂಟು. ಅಪ್ಪ ಬಂದು ನೋಡಿ ಸಮಾಧಾನದಿಂದ ಹೇಳಿದ: “ನಿಮ್ಮ ಮಾವನಿಗೆ ಹೇಳಿ ಕಳಿಸೀನಿ. ಈ ಸೋಮವಾರ ಬರ್ತಾನಂತೆ. ಕುರಿ ಕಾಯಾಕೆ ಕಂಬಳಿ ಅವನೇ ತರ್ತಾನಂತೆ.”

ಅದೇ ದಿನ ಹೂವಿನಕ್ಕ ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಎಲೆ ಅಡಿಕೆ ಇಟ್ಟುಕೊಂಡು ನಮ್ಮ ಮನೆ ಬಾಗಿಲಿಗೆ ಬಂದಳು.

“ಏನಕ್ಕಾ ಇದು?”

“ನೀನು ಕಳಿಸಿದ ನೆಂಟರು ನನ್ನ ತೋಟದ ಹೇನನ್ನೆಲ್ಲ ತಿಂದು ಹಾಕ್ಯಾರೆ ತಮ್ಮಾ. ಮುಂದಿನ ವರ್ಷನೂ ಕಳಿಸು. ಹಲಗೆ ಸಮೇತ ಕಳಿಸಿದ್ದು ಬಾಳ ಚಂದ ಆಗಿತ್ತು.”

ಮರಳಿ ಬಂದದ್ದು

ಓಡಿ ಹೋಗಿ ಅವಳ ತೋಟದಲ್ಲಿ ಮಲಗಿ ನೋಡಿದೆ. ನಿಜ. ಗುಲಗಂಜಿ ಹುಳ ಹೇನನ್ನು ಮಂಡಕ್ಕಿ ಮುಕ್ಕುವ ಹಾಗೆ ಒಂದೊಂದೇ ಮುಕ್ಕುತ್ತಿತ್ತು.

“ಹೇನು ಇದ್ದ ಕಡೆನೇ ಇರ್ತಿದ್ವಲ್ಲಕ್ಕಾ, ಅದಕ್ಕೇ...”

“ಸಾವಿನ ಮನೆ ಮುಂದೆ ಜನ ಸೇರಿರ್ತಾರೆ. ಕೊಂದೋರು ಅವ್ರೇನಾ?”

ಹುಳಗಳನ್ನು ವಾಪಸ್ಸು ಕೇಳಿದೆ. ಅವಳು ಯೋಚಿಸಿ ಅಂದಳು: “ನನ್ನ ಪಾಲು ಇಟ್ಕಂಡು ಉಳಿದಿದ್ದು ಕೊಡ್ತೀನಿ. ಆದ್ರೆ ಮೇಳದಾಗೆ ಬಂದೋವು ಮೇಳದಾಗೇ ಹೋಗ್ಬೇಕು. ಸುಮ್ನೆ ಕದ್ದು ಒಯ್ದರೆ ಎರಡೂರಿಗೂ ಒಳ್ಳೇದಲ್ಲ.”

ನಮ್ಮೂರಿನ ಗೌಡರು ತಲೆ ಕೆರೆದುಕೊಂಡರು. ಗಡಿ ದಾಟಿಸಿದ್ದನ್ನು ಮರಳಿ ಕರೆತಂದವರು ಯಾವ ಕಾಲಕ್ಕೂ ಇಲ್ಲ. ಹಲಗೆಯವನಿಗೂ ಗೊಂದಲ. “ಹೊರಗೆ ಕಳಿಸಾಕೆ ಒಂದು ಬಡಿತ ಐತೆ. ಒಳಗೆ ಕರೆತರಾಕೆ ನಂಗೆ ಗೊತ್ತಿರೋದು ಒಂದೇ, ಮದುವೆ ಹೆಣ್ಣು ಬರುವಾಗ ಬಡಿಯೋದು.”

“ಅದನ್ನೇ ಬಡಿ,” ಅಂದೆ.

ಸೋಮವಾರ ಹೊರಟೆವು. ಮಡಕೆಗೆ ಹೂವಿನಕ್ಕ ಸೇವಂತಿಗೆ ಮಾಲೆ ಸುತ್ತಿದಳು. ನಾನು ಅದನ್ನು ಎದೆಗವಚಿಕೊಂಡು ಮುಂದೆ. ದಿಬ್ಬಣದ ಬಡಿತ ಹಿಂದೆ. ಬಡಿತ ಕೇಳಿ ಹೆಂಗಸರು ಆರತಿ ಹಿಡಿದು ಹೊರಗೆ. ಗಡಿಗಲ್ಲಿನ ಹತ್ತಿರ ಬಂದಾಗ ಅಲ್ಲಿ ಬಿಳಿಚೋಡಿನ ಮಾವ ನಿಂತಿದ್ದ, ಹೆಗಲ ಮೇಲೆ ಹೊಸ ಕರಿ ಕಂಬಳಿ. ನಮ್ಮನ್ನು ನೋಡಿದವನೇ ಕಲ್ಲಿನ ಮೇಲೆ ಕುಸಿದು ಕೂತ.

“ನಾನು ಬರಂಗಿಲ್ಲ. ಹುಡುಗನ ಸೋದರಮಾವ ನಾನು. ನಂಗೊಂದು ಎಲೆ ಅಡಿಕೆ ಕೊಡದಂಗೆ ಮದುವೆ ಮಾಡೀರಾ?”

ಅಪ್ಪ ಓಡಿ ಬಂದ. “ಮದುವೆ ಅಲ್ಲ ಕಣೋ. ಹುಳ ಅದು, ಹುಳ.”

ಮಾವನಿಗೆ ಇನ್ನೂ ಬೇಜಾರಾಯಿತು. “ಹುಡುಗಿ ಹೆಂಗಾರ ಇರ್ಲಿ ಭಾವ. ಮನೆಗೆ ಬರೋ ಸೊಸೇನ ಹುಳ ಅನಬಾರದು.”

ಅಷ್ಟು ಹೇಳಿ, ಮನಸ್ಸು ದೊಡ್ಡದು ಮಾಡಿಕೊಂಡು ಎದ್ದು, ಹೆಗಲ ಕಂಬಳಿ ತೆಗೆದು ಸೋದರಮಾವನ ಉಡುಗೊರೆ ಅಂತ ನನಗೆ ಹೊದಿಸಿಬಿಟ್ಟ. ಆಮೇಲೆ “ಹೆಣ್ಣೆಲ್ಲಿ?” ಅಂತ ಹುಡುಕಿದ. ನಾನು ಮಡಕೆಯ ಬೇವಿನ ಸೊಪ್ಪು ಸರಿಸಿದೆ. ಒಂದು ಗುಲಗಂಜಿ ಹುಳ ಅವನ ಬೆರಳು ಹತ್ತಿ, ತುದಿಯವರೆಗೆ ನಡೆದು, ರೆಕ್ಕೆ ಬಿಚ್ಚಿ ನನ್ನ ಹೊಲದ ಕಡೆಗೇ ಹಾರಿತು. ಮಾವ ಅದು ಹೋದ ದಿಕ್ಕನ್ನೇ ನೋಡುತ್ತ ನಿಂತ.

“ಬಣ್ಣ ಚಂದೈತೆ,” ಅಂದ.

ಅಪ್ಪ ಕುರಿಯ ಮಾತೆತ್ತಿದ. ಮಾವ ಕೈ ಅಡ್ಡ ಮಾಡಿದ. “ದಿಬ್ಬಣದಾಗೆ ಹೊದಿಸಿದ ಕಂಬಳಿನ ಕುರಿ ಕಾಯಾಕೆ ಹಾಕೋ ಪದ್ಧತಿ ನಮ್ಮಲ್ಲಿಲ್ಲ ಭಾವ. ಮೊದ್ಲು ಇವನ ಹೂವು ನೋಡಾಣ.”

ಮರಳಿ ಬಂದ ಹುಳ ನನ್ನ ಹೊಲದ ಹೇನನ್ನೂ ಮುಕ್ಕಿ ಮುಗಿಸಿದವು. ಕಾರ್ತಿಕಕ್ಕೆ ಹೂವು ಬಂತು. ನ್ಯಾಮತಿ ಸಂತೆಯಲ್ಲಿ ಹೂವಿನ ವ್ಯಾಪಾರಿ ಅಪ್ಪನ ಎದುರಿಗೇ ಒಂದೊಂದು ಹೂವನ್ನು ಅಂಗೈಗೆ ಕುಟ್ಟಿ ಕುಟ್ಟಿ ಹುಳ ಹುಡುಕಿದ. ಉದುರಿದ್ದು ಒಂದೇ ಒಂದು, ಕೆಂಪಗೆ, ದುಂಡಗೆ. ವ್ಯಾಪಾರಿ ಅದನ್ನು ಹೊಸಕಲು ಬೆರಳೆತ್ತಿದ. ಅವನ ಕೈ ಹಿಡಿದವನು ನಾನಲ್ಲ, ಅಪ್ಪ.

“ಬಿಡ್ರಿ ಅದನ್ನ,” ಅಂದ. “ನಮ್ಮ ಮನೆ ಸೊಸೆ.”

ಮನೆಗೆ ಬಂದು ಲೆಕ್ಕ ಮುಗಿಸಿದರು. ಮಾತಿನಂತೆ ಬಾವಿ ಹೊಲ ಪೂರ್ತಿ ನನಗೆ ಬರಬೇಕಿತ್ತು. ಆದರೆ ಮಂಚದ ಮೇಲಿಂದ ಅಜ್ಜಿ ಖಾಲಿ ಗಡಿಗೆಯನ್ನು ಕೋಲಿನಿಂದ ಟಕಟಕ ತಟ್ಟಿದಳು. ಹಾಗಾಗಿ ಕೊನೆಗೆ ನನಗೆ ಕೊಟ್ಟದ್ದು ಇಷ್ಟು: ಒಂದು ಕರಿ ಕಂಬಳಿ, ಬಾವಿ ಹೊಲದಲ್ಲಿ ಅರ್ಧ. ಇನ್ನರ್ಧ ಹೊಗೆಸೊಪ್ಪಿಗೆ ಹೋಯಿತು.