ಯಾರೂ ಬಳಸದ ಮೇಜು

ತನ್ನ ಮೇಜನ್ನು ಹರಾಜಿಗೆ ಹಾಕುವ ಪಟ್ಟಿಯನ್ನು ಶಿವಯೋಗಿ ತಾನೇ ದುಂಡಗೆ ಬರೆದುಕೊಟ್ಟಿದ್ದ. ಸುಂಕದಕಟ್ಟೆ ಕಡೆಯ ಆ ವಾರ್ಡ್ ಆಫೀಸಿನಲ್ಲಿ ಎಲ್ಲರೂ ಅವನ ಅಕ್ಷರವನ್ನು ಬಲ್ಲರು, ಅವನನ್ನು ಯಾರೂ ಅರಿಯರು. ‘ಹದಿನೇಳು: ಮೇಜು, ಕುರ್ಚಿ. ಯಾರೂ ಬಳಸುತ್ತಿಲ್ಲ’ ಎಂದು ನಕಲು ಮಾಡುವಾಗ, ಪಾಪ ಯಾರದೋ ಎಂದುಕೊಂಡಿದ್ದ.

ಹರಾಜಿನ ಬೆಳಿಗ್ಗೆ ಬಂದು ನೋಡಿದರೆ ದಾಖಲೆ ಕೊಠಡಿಯ ಅವನ ಮೇಜು, ಕುರ್ಚಿ ಎರಡೂ ಅಂಗಳದಲ್ಲಿ, ಮುರಿದ ಕಸದ ಗಾಡಿಗಳ ನಡುವೆ, ಹಣೆಗೆ ಸುಣ್ಣದ ನಂಬರು ಬಳಿಸಿಕೊಂಡು, ಗಂಡಿನ ಕಡೆಯವರಿಗೆ ಕಾದ ಅಕ್ಕತಂಗಿಯರ ಹಾಗೆ ನಿಂತಿದ್ದವು.

“ಸಾರ್, ನಾ ದಿನಾ ಅಲ್ಲೇ ಕುಂಡ್ರತೀನ್ರಿ,” ಎಂದ, ಸೂಪರಿಂಟೆಂಡೆಂಟ್ ಬಸವಲಿಂಗಪ್ಪನವರಿಗೆ.

“ಹೌದಾ? ಮೂರು ಸಲ ಬಂದು ನೋಡಿದ್ವಲ್ರೀ. ಕುರ್ಚಿ ಖಾಲಿ ಇತ್ತು.”

“ನೀವು ಬಂದ್ರಿ ಅಂತ ಎದ್ದು ನಿಂತಿದ್ದೆರಿ. ಬಾಗಲದ ಹಿಂದ.”

“ಪಟ್ಟಿಗೆ ಸೀಲ್ ಬಿದ್ದಾಯ್ತು. ಹೊಸದಕ್ಕೆ ಅರ್ಜಿ ಕೊಡಿ, ಬರೋ ವರ್ಷ ನೋಡೋಣ. ಹಾಂ, ನೌಕರರು ಹರಾಜು ಕೂಗೋ ಹಾಗಿಲ್ಲ.”

ಬಾಗಲಕೋಟೆಯಿಂದ ಬಂದು ಎರಡು ವರ್ಷವಾಗಿತ್ತು. ಈ ಊರಲ್ಲಿ ತನ್ನದೆನ್ನುವ ಜಾಗ ಆ ಮೇಜೊಂದೇ. ಅಲ್ಲಿ ಕೂತರೆ ಟೈಪಿಸ್ಟ್ ಜಲಜಾ ಊಟದ ಡಬ್ಬಿ ತೊಳೆಯಲು ಹೋಗುವುದು ಕಿಟಕಿಯಲ್ಲಿ ಕಾಣುತ್ತಿತ್ತು. ಅವಳೊಡನೆ ಅವನು ಆಡಿದ ಮಾತು ಈವರೆಗೆ ಒಂದೇ: “ಹ್ಞೂಂ ರೀ.”

ಜೇಬಿನಲ್ಲಿದ್ದಷ್ಟನ್ನೂ ಗೇಟಿನ ಬಳಿ ಟೀ ಮಾರುವ ಹನುಮಕ್ಕನ ಕೈಗೆ ತುರುಕಿದ. “ನನ್ನ ಹೆಸರು ಹೇಳಬ್ಯಾಡ ಅಕ್ಕಾ.”

“ನನ್ ಬಾಯಿಗೆ ಬೀಗ ಹಾಕ್ದಂಗೆ ಸ್ವಾಮಿ.”

ಹದಿನೇಳನೆಯ ನಂಬರಿಗೆ ಹನುಮಕ್ಕ ಕೈಯೆತ್ತಿದಳು. ಒಡನೆ ಹೂ ಮಾರುವ ಮುನಿಲಕ್ಷ್ಮಮ್ಮನೂ ಎತ್ತಿದಳು. ಗೇಟಿನ ಮರದ ನೆರಳಿಗಾಗಿ ಇಬ್ಬರಿಗೂ ಹತ್ತು ವರ್ಷದ ಜಗಳ.

“ಹೂವಾ ಮಾರೋಳ್ಗೆ ಮೇಜು ಯಾಕಮ್ಮಾ?”

“ನಿನ್ ಟೀ ಕುಡ್ದು ಬಿದ್ದೋರ್ನ ಮಲಗ್ಸಕ್ಕೆ ಕಣೇ.”

ಬೆಲೆ ತೆಂಗಿನಮರ ಹತ್ತಿದ ಕೋತಿಯಂತೆ ಏರಿತು. ಇಬ್ಬರ ಗಂಟೂ ಸಾಲದಾಗಿ ಕೈ ಇಳಿಸಿದಾಗ, ಗುಜರಿ ತಿಮ್ಮಯ್ಯ ಆಕಳಿಸುತ್ತ ಹತ್ತು ರೂಪಾಯಿ ಮೇಲೆ ಕೂಗಿ ಎರಡನ್ನೂ ಟೆಂಪೋಗೆ ಏರಿಸಿದ.

ಸಂಜೆ ಖಾಲಿ ಕೊಠಡಿಯಲ್ಲಿ ನಿಂತಿದ್ದವನ ಬಳಿಗೆ ಜಲಜಾ ಬಂದಳು. ಅವಳು ಒಳಗೆ ಬಂದದ್ದು ಅದೇ ಮೊದಲು.

“ಬೇಜಾರು ಮಾಡ್ಕೋಬೇಡಿ. ನಿಮ್ಮ ಮೇಜು ಉಳಿಸೋಣ ಅಂತ ನಾನೇ ಮುನಿಲಕ್ಷ್ಮಮ್ಮಂಗೆ ದುಡ್ಡು ಕೊಟ್ಟಿದ್ದೆ. ಆ ನೆಪದಲ್ಲಾದ್ರೂ ಮಾತಾಡ್ತೀರೇನೋ ಅಂತ. ಆ ಹನುಮಕ್ಕನ್ನ ಅದ್ಯಾವ ಮಹಾನುಭಾವ ಎತ್ತಿಕಟ್ಟಿದ್ನೋ.”

ಶಿವಯೋಗಿ “ಹ್ಞೂಂ ರೀ,” ಎಂದ.

“ತಗೊಳ್ಳಿ ಸ್ವಾಮಿ, ನಿಮ್ ದುಡ್ಡು,” ಎನ್ನುತ್ತ ಹನುಮಕ್ಕ ಒಳಗೆ ಬಂದಳು. “ಯಾರ್ಗೂ ಬಾಯ್ಬಿಟ್ಟಿಲ್ಲ.”

ಜಲಜಾ ನೋಟುಗಳನ್ನು ನೋಡಿದಳು, ಅವನನ್ನು ನೋಡಿದಳು. “ನಂಗೊಂದು ಮಾತು ಹೇಳಿದ್ರೆ ಆಗ್ತಿತ್ತಲ್ವಾ?” ಎಂದಳು. ಹನುಮಕ್ಕನ ಹಿಂದೆಯೇ ಹೊರಟುಹೋದಳು.

ಅವನಿಗೆ ಉತ್ತರ ಹೊಳೆಯುವಷ್ಟರಲ್ಲಿ ಪಡಸಾಲೆಯಲ್ಲಿ ಬಸವಲಿಂಗಪ್ಪನವರ ಮೆಟ್ಟಿನ ಸದ್ದು. ಎದ್ದು ನಿಲ್ಲಲು ಈಗ ಕುರ್ಚಿಯೇ ಇರಲಿಲ್ಲ. ಆದರೂ ಅಭ್ಯಾಸಬಲದಿಂದ ಬಾಗಿಲ ಹಿಂದೆ ಸರಿದ.

“ಯಾರೂ ಇಲ್ದೆ ಲೈಟ್ ಬೇರೆ,” ಎಂದು ಗೊಣಗುತ್ತ ಅವರು ದೀಪ ಆರಿಸಿ, ಹೊರಗಿನಿಂದ ಬೀಗ ಹಾಕಿಕೊಂಡು ಹೋದರು.