ಕೀಲಿ ಹಾಕುವ ವೈರಸ್ಸು, ಕಂಗಾಲಾದ ನಾವು

ಕಂಪ್ಯೂಟರ್ ರಿಪೇರಿ ಮಾಡುವವನಿಗೆ ಕಂಪ್ಯೂಟರ್ ತಿಳಿದರೆ ಸಾಲದು, ಮಂದಿ ಅದನ್ನು ಏನೆಂದು ತಿಳಿದಿದ್ದಾರೆ ಅನ್ನುವುದೂ ತಿಳಿದಿರಬೇಕು. ನನಗೆ ಎರಡೂ ಅರ್ಧಂಬರ್ಧ. ಅದಕ್ಕೇ ಇರಬೇಕು, ಬೈಲಹೊಂಗಲದಲ್ಲಿ ಅಂಗಡಿ ಹಾಕಿದಾಗಿನಿಂದ ಇಂಥ ಪ್ರಸಂಗಗಳು ನನ್ನನ್ನು ಹುಡುಕಿಕೊಂಡು ಬರುತ್ತಲೇ ಇವೆ.

ಅವುಗಳಲ್ಲಿ ಬಹಳಷ್ಟು ಬಂದದ್ದು ಆ ವೈರಸ್ಸಿನ ಕಾಲಕ್ಕೆ. ಜಗತ್ತಿನ ಕಂಪ್ಯೂಟರುಗಳಿಗೆಲ್ಲ ಒಂದು ವೈರಸ್ ನುಗ್ಗಿದೆ, ಒಳಗಿನ ಫೈಲುಗಳಿಗೆ ಕೀಲಿ ಜಡಿದು ‘ರೊಕ್ಕ ಕೊಟ್ಟರೆ ತೆಗೆಯುತ್ತೇನೆ’ ಅನ್ನುತ್ತದೆ ಎಂದು ಟಿವಿಯವರು ಮುಂಜಾನೆಯಿಂದ ಕೂಗುತ್ತಿದ್ದರು. ಪರದೆಯ ಮೇಲೆ ಬೆಂಕಿ, ತಲೆಬುರುಡೆ, ನಡುವೆ ಗಿರಗಿರ ತಿರುಗುವ ಭೂಮಿ. ಯಾರು ಮಾಡಿದರು, ಯಾಕೆ ಮಾಡಿದರು, ಯಾರಿಗೂ ಗೊತ್ತಿರಲಿಲ್ಲ. ನನಗಂತೂ ಏನೇನೂ ಗೊತ್ತಿರಲಿಲ್ಲ. ಆದರೂ ಎಲ್ಲರೂ ನನ್ನನ್ನೇ ಕೇಳಿದರು.

೧. ವೈರ್ ಇದ್ದಲ್ಲಿ ವೈರಸ್

ಸಂಜೆ ಮನೆಗೆ ಬಂದರೆ ಅವ್ವ ತಂಬಿಗೆ ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು.

“ಕೈಕಾಲ ತೊಳಕೊಂಡ ಒಳಗ ಬಾ. ದಿನಾ ಪೂರಾ ಅವನ್ನ ಮುಟ್ಟಿ ಬರತಿ.”

“ಅವ್ವಾ, ಅದು ಮನಶ್ಯಾರಿಗೆ ಹತ್ತೂ ವೈರಸ್ ಅಲ್ಲ.”

“ಹಂಗಾರ ಹೆಂಗ ಹರಡಾಕತ್ತೇತಿ?”

ಇಂಟರ್ನೆಟ್ಟು ಅಂತ ಶುರು ಮಾಡಿದರೆ ಊಟಕ್ಕೆ ತಡವಾಗುತ್ತದೆ ಎಂದು ನಾನು, “ವೈರಿನೊಳಗಿಂದ ಬರತೈತಿ” ಅಂದೆ. ಅಷ್ಟೇ ಸಾಕಾಯಿತು. ಮರುದಿನ ಎದ್ದು ನೋಡಿದರೆ ಮಿಕ್ಸರ್ ಅರಿವೆಯಲ್ಲಿ ಸುತ್ತಿಸಿಕೊಂಡು ಅಟ್ಟ ಸೇರಿತ್ತು. ಇಸ್ತ್ರಿಪೆಟ್ಟಿಗೆ ಅದರ ಮಗ್ಗುಲಲ್ಲಿ. ಟೇಬಲ್ ಫ್ಯಾನು ಗೋಡೆಯ ಕಡೆ ಮುಖ ಮಾಡಿ ನಿಂತಿತ್ತು. ಅವ್ವ ಒಳಕಲ್ಲಿನ ಮುಂದೆ ಕುಳಿತು ಖಾರ ರುಬ್ಬುತ್ತಿದ್ದಳು. ಮನೆಯಲ್ಲಿ ಟಿವಿ ಒಂದೇ ಜೋರಾಗಿ ನಡೆದಿತ್ತು.

“ಅವ್ವಾ, ಟಿವಿಗೂ ವೈರ್ ಐತಲ್ಲ?”

ದಡ್ಡನನ್ನು ನೋಡುವ ಹಾಗೆ ನನ್ನನ್ನು ನೋಡಿದಳು.

“ಅದನ್ನೂ ತಗದ್ರ, ವೈರಸ್ ಈಗ ಎಲ್ಲಿ ಮಟಾ ಬಂದೈತಿ ಅಂತ ನಮಗ ಹೇಳಾವ್ರು ಯಾರು?”

೨. ಹಾಲಿನೊಳಗಿನ ವೈರಸ್

ದೊಡವಾಡದ ಆಚೆ ಒಂದು ಹಳ್ಳಿಯ ಹಾಲಿನ ಡೈರಿಯಿಂದ ಫೋನು ಬಂತು. “ಲಗೂನ ಬರ್ರಿ, ಇಲ್ಲೆ ಗದ್ದಲ ಆಗೇತಿ” ಎಂದರು ಕಾರ್ಯದರ್ಶಿ. ಹೋಗಿ ನೋಡಿದರೆ ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ಹಾಲು ಹಾಕಲು ಬಂದ ಹೆಣ್ಣುಮಕ್ಕಳು ಕ್ಯಾನು ಹಿಡಿದು ಹೊರಗೇ ನಿಂತಿದ್ದರು. ಹಾಲಿನಲ್ಲಿ ಜಿಡ್ಡು ಎಷ್ಟಿದೆ ಎಂದು ಅಳೆಯುವ ಮಷೀನು ಕಂಪ್ಯೂಟರಿಗೆ ಜೋಡಿಸಿದ್ದು. ಅದರೊಳಗೆ ಹಾಲು ಬಿಡಲು ಯಾರೂ ತಯಾರಿಲ್ಲ.

ಎಲ್ಲರಿಗಿಂತ ಮುಂದೆ ಒಬ್ಬ ಅಜ್ಜಿ. “ನಮ್ಮ ಎಮ್ಮಿ ಇವತ್ತಿನ ಮಟಾ ಒಂದ ದಿನಾ ಜಡ್ಡ ಬಿದ್ದಿಲ್ಲ. ಆ ಮಷೀನಿನ ರೋಗಾ ಅದಕ್ಯಾಕ ಹಚ್ಚತೀರಿ?”

“ಯವ್ವಾ, ಹಾಲು ಎಮ್ಮಿಯಿಂದ ಮಷೀನಿಗೆ ಬರತೈತಿ. ಮಷೀನಿನಿಂದ ಎಮ್ಮಿಗೆ ಹೋಗೂದಿಲ್ಲ” ಎಂದೆ.

“ಕ್ಯಾನ್ ತಿರುಗಿ ಮನಿಗೆ ಹೋಗತೈತಲ್ಲೊ!” ಎಂದಳು ಅಜ್ಜಿ.

ಆಗ ಹಿಂದೆ ನಿಂತಿದ್ದ ಒಬ್ಬ ಯಜಮಾನರು ಮುಂದೆ ಬಂದರು. ಇವರ ಹಾಲಿಗೆ ಜಿಡ್ಡು ಯಾವಾಗಲೂ ಕಡಿಮೆ; ನೀರು ಬೆರೆಸುತ್ತಾರೆ ಅಂತ ಊರಿಗೆಲ್ಲ ಗೊತ್ತು, ಕಾರ್ಯದರ್ಶಿಯ ಜೊತೆ ಅದಕ್ಕಾಗಿ ದಿನವೂ ವಾದ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಕೇಳಿದರು: “ತಮ್ಮಾ, ಈ ವೈರಸ್ಸು ಯಾರಿಗೂ ಗೊತ್ತಾಗಧಂಗ ಒಳಗ ಬಂದ ಕೂಡತೈತಿ, ಹೌದಿಲ್ಲೊ?”

“ಹೌದ್ರಿ.”

“ಒಳಗ ಇದ್ದದ್ದನ್ನ ಹಾಳ ಮಾಡತೈತಿ?”

“ಮಾಡತೈತ್ರಿ.”

ಯಜಮಾನರು ಕಾರ್ಯದರ್ಶಿಯ ಕಡೆ ತಿರುಗಿದರು. “ಕೇಳಿದ್ರ್ಯಾ ಸಾಹೇಬ್ರ? ನೀರ ನಾ ಹಾಕಿಲ್ಲ. ವೈರಸ್ ಹಾಕೇತಿ!”

೩. ಬಿದ್ದ ಸರ್ವರ್

ಕಿತ್ತೂರಿನ ಒಂದು ಬ್ಯಾಂಕಿನಲ್ಲಿ ಪ್ರಿಂಟರ್ ನೋಡಲು ಹೋದರೆ ಬಾಗಿಲು ಅರ್ಧ ಹಾಕಿತ್ತು. ಅದರ ಮೇಲೆ ಒಂದು ಹಾಳೆ ಅಂಟಿಸಿದ್ದರು. ಅದರ ಮುಂದೆ ದೋತರ, ರುಮಾಲಿನ ಹಿರಿಯರೊಬ್ಬರು ನಿಂತಿದ್ದರು.

“ತಮ್ಮಾ, ಕನ್ನಡಕಾ ಬಿಟ್ಟ ಬಂದೇನಿ. ಏನ ಬರದಾರ ಓದು.”

“ಸರ್ವರ್ ಡೌನ್ ಅಂತ ಬರದಾರ ಕಾಕಾ.”

“ಅಂದ್ರ?”

“ಸರ್ವರ್ ಬಿದ್ದೈತಿ ಅಂತ.”

ಅವರ ಮುಖ ಸಣ್ಣದಾಯಿತು. ಹೋಟೆಲಿನಲ್ಲಿ ಚಾ ತಂದುಕೊಡುವವನನ್ನು ನಮ್ಮ ಕಡೆ ಸರ್ವರ್ ಅನ್ನುತ್ತಾರೆ ಅನ್ನುವುದು ಆ ಕ್ಷಣಕ್ಕೆ ನನ್ನ ತಲೆಗೆ ಬರಲಿಲ್ಲ.

“ಅಯ್ಯ ಪಾಪ! ಪೆಟ್ಟ ಬಾಳ ಆತೇನು?”

“ಅಲ್ರಿ ಕಾಕಾ, ಸರ್ವರ್ ಇಲ್ಲಿ ಇಲ್ಲ, ಮುಂಬೈಯಾಗ ಇರತೈತಿ.”

“ಮುಂಬೈಯಾಗ ಬಿದ್ರ ಇಲ್ಲಿ ಯಾಕ ಬಾಗಲಾ ಹಾಕ್ಯಾರ?”

“ಎಲ್ಲಾ ಬ್ಯಾಂಕಿಗೂ ಅದಕ್ಕೂ ಸಂಬಂಧ ಐತ್ರಿ. ಅದು ಹೋತಂದ್ರ ಇವರೂ ಬಂದ್ ಮಾಡಬೇಕ.”

ಈಗ ಅವರಿಗೆ ಎಲ್ಲವೂ ಅರ್ಥವಾಯಿತು. ರುಮಾಲು ಸರಿಮಾಡಿಕೊಂಡು, ಒಳಗೆ ಕುಳಿತ ಕ್ಲಾರ್ಕಿಗೆ ಕಿಟಕಿಯಿಂದಲೇ ಕೈ ಮುಗಿದು, ದನಿ ತಗ್ಗಿಸಿ ನನಗೆ ಹೇಳಿದರು:

“ಸೂತಕ ಐತಿ ಅಂತ ಮೊದಲ ಹೇಳಬಾರದ? ದಿವಸ ಮುಗದ ಮ್ಯಾಲೆ ಬರತೇನಿ ಬಿಡು.”

೪. ತೆರೆಯಬಾರದ ಮೇಲು

ರಾಮದುರ್ಗದ ಕಡೆ ಒಂದು ಹೈಸ್ಕೂಲಿನ ಹೆಡ್‌ಮಾಸ್ತರರು ಬಹಳ ಶಿಸ್ತಿನ ಮನುಷ್ಯ. ಮೇಲಿನ ಆಫೀಸಿನಿಂದ ಏನು ಬಂದರೂ ಅಕ್ಷರಶಃ ಪಾಲಿಸುವವರು. ಅವರು ಫೋನಿನಲ್ಲಿ ಬೆವರುತ್ತಿದ್ದದ್ದು ನನಗೆ ಬೈಲಹೊಂಗಲದಲ್ಲಿ ಕೇಳಿಸುವಂತಿತ್ತು.

“ವೈರಸ್ ಬಗ್ಗೆ ಮೇಲಿನ ಆಫೀಸಿಂದ ಫೋನ್ ಬಂದಿತ್ರಿ. ಗುರುತಿಲ್ಲದ ಮೇಲ್ ಯಾವುದೂ ತೆರಿಬ್ಯಾಡ್ರಿ, ಏನ ಮಾಡಬೇಕು ಅಂತ ಸುತ್ತೋಲೆ ಕಳಸ್ತೇವಿ ಅಂದ್ರು.”

“ಚೊಲೊ ಆತಲ್ರಿ ಸರ್.”

“ಸುತ್ತೋಲೆ ಮೇಲ್‌ನ್ಯಾಗ ಬಂದೈತ್ರಿ. ಕಳಿಸಿದ ವಿಳಾಸ ಹೊಸಾದು. ನನಗ ಗುರುತಿಲ್ಲ.”

ತೆರೆದರೆ ಆಜ್ಞೆ ಮೀರಿದ ಹಾಗೆ. ತೆರೆಯದಿದ್ದರೆ ಆಜ್ಞೆ ಏನೆಂದೇ ಗೊತ್ತಾಗುವುದಿಲ್ಲ. ನಾನೂ ಯೋಚಿಸಿದೆ. ಯೋಚಿಸಿದಷ್ಟೂ ತಲೆ ಗೊಂದಲವಾಯಿತು. “ಆಫೀಸಿಗೇ ಫೋನ್ ಹಚ್ಚಿ ಕೇಳ್ರಿ” ಎಂದೆ.

“ಕೇಳಿದ್ನಿರಿ. ಎಲ್ಲಾ ಸುತ್ತೋಲೆಯಾಗ ಬರದೇವಿ, ಓದಕೊಳ್ರಿ ಅಂದ್ರು.”

ಕೊನೆಗೆ ಅವರು ಶಾಲೆಯ ಸಿಪಾಯಿಯನ್ನು ಬಸ್ಸು ಹತ್ತಿಸಿ ಬೆಳಗಾವಿಯ ಆಫೀಸಿಗೇ ಕಳಿಸಿದರು. ‘ಕಾಗದದ ಮೇಲೆ ಬರೆದದ್ದು, ಸಾಹೇಬರ ಸಹಿ ಇದ್ದದ್ದು, ಕೈಯಾರೆ ತಗೊಂಡು ಬಾ’ ಎಂದು ಅಪ್ಪಣೆ. ಅಲ್ಲಿಯವರೆಗೆ ಕಂಪ್ಯೂಟರ್ ರೂಮಿಗೆ ಬೀಗ. ಪಾಪ ಸಿಪಾಯಿ ಬಿಸಿಲಲ್ಲಿ ಹೋಗಿ, ಇಳಿಹೊತ್ತಿಗೆ ಬೆವರಿನಲ್ಲಿ ತೊಯ್ದು ತಿರುಗಿ ಬಂದ. ಹೆಡ್‌ಮಾಸ್ತರರು ಎಲ್ಲ ಶಿಕ್ಷಕರನ್ನೂ ಕೂಡಿಸಿ, ಲಕೋಟೆ ಒಡೆದು, ಗಂಟಲು ಸರಿಮಾಡಿಕೊಂಡು ಓದಿದರು.

ಒಂದೇ ಸಾಲು ಇತ್ತಂತೆ: ‘ಹೆಚ್ಚಿನ ಮಾಹಿತಿಗಾಗಿ ಇ-ಮೇಲ್ ನೋಡಿರಿ.’

೫. ಕೀಲಿಯೊಳಗಿನ ಮದುವೆ

ಇಷ್ಟು ದಿನ ನಾನು ವೈರಸ್ಸನ್ನು ಟಿವಿಯಲ್ಲಷ್ಟೇ ನೋಡಿದ್ದೆ. ಅದನ್ನು ಖುದ್ದು ಕಂಡದ್ದು ಸವದತ್ತಿಯಲ್ಲಿ, ನನ್ನ ಗೆಳೆಯನ ಫೋಟೋ ಸ್ಟುಡಿಯೋದಲ್ಲಿ. ಪರದೆ ತುಂಬ ಕೆಂಪು, ಇಂಗ್ಲಿಷಿನಲ್ಲಿ ಬೆದರಿಕೆ, ಪಕ್ಕದಲ್ಲಿ ಹಿಂದಕ್ಕೆ ಓಡುವ ಗಡಿಯಾರ. ಒಳಗೆ ಮುರಗೋಡದ ಒಂದು ಮನೆತನದ ಮದುವೆಯ ಫೋಟೋಗಳು. ಆಲ್ಬಮ್ ಇನ್ನೂ ಮಾಡಿರಲಿಲ್ಲ. ಕ್ಯಾಮರಾದ ಕಾರ್ಡಿನ ಮೇಲೆ ಆಗಲೇ ಬೇರೆ ಮದುವೆ, ಸೀಮಂತ, ತೊಟ್ಟಿಲು ಎಲ್ಲ ಹೊಡೆದಾಗಿತ್ತು.

“ಏನರ ಮಾಡೊ” ಎಂದ ಗೆಳೆಯ. ನಾನು ಬಂದ್ ಮಾಡಿ ಚಾಲೂ ಮಾಡಿದೆ. ಮತ್ತೆ ಬಂದ್ ಮಾಡಿ ಚಾಲೂ ಮಾಡಿದೆ. ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಆಲ್ಬಮ್ ಕೇಳಲು ಮದುಮಗಳ ಸೋದರಮಾವ ಬಂದರು. ದೊಡ್ಡ ದೇಹ, ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ದನಿ. ವಿಷಯ ಹೇಳಿದೆವು.

“ನಮ್ಮ ಮದವಿಗೆ ಕೀಲಿ ಹಾಕಿದಾಂವ ಯಾರು? ಯಾವೂರಾಂವ?”

“ಗೊತ್ತಿಲ್ರಿ ಮಾವಾರ.”

“ಯಾರ ಪೈಕಿ?”

“ಅದೂ ಗೊತ್ತಿಲ್ರಿ. ಪರದೇಶದಾಂವ ಇರಬೇಕು.”

“ಪರದೇಶದಾಂವಗ ನಮ್ಮ ಹುಡಿಗಿ ಫೋಟೋ ಯಾಕ ಬೇಕು? ಅವಗ ಏನ ಸಿಟ್ಟು ನಮ್ಮ ಮ್ಯಾಲೆ? ಮದವಿಗೆ ಕರದಿಲ್ಲಂತನೊ?”

ಅವರು ಸಿಟ್ಟಿನಲ್ಲಿ ಅಂದರೂ, ಮನೆಯವರ ದುಃಖ ನಿಜವಾದದ್ದು. ಹುಡುಗಿ ಎರಡು ದಿನ ಸರಿಯಾಗಿ ಉಂಡಿರಲಿಲ್ಲ. ಅವಳ ಅಜ್ಜಿಗೆ ವಯಸ್ಸಾಗಿತ್ತು. ಮೊಮ್ಮಗಳ ಜೊತೆ ಜರತಾರಿ ಸೀರೆಯುಟ್ಟು ನಿಂತು ತೆಗೆಸಿದ್ದ ಫೋಟೋ ಅದೊಂದೇ. ಕೊನೆಗೆ ದಾರಿ ತೋರಿಸಿದವಳೂ ಅಜ್ಜಿಯೇ. “ಅಳತೀರಿ ಯಾಕ? ಹುಡುಗ ಅದಾನ, ಹುಡಿಗಿ ಅದಾಳ, ನಾ ಇನ್ನೂ ಅದೇನಿ. ಮತ್ತೊಮ್ಮೆ ನಿಂತ್ರ ಆತು.”

ಹೀಗೆ ಮುರಗೋಡದ ಆ ಮನೆಯ ಅಂಗಳದಲ್ಲಿ ಮತ್ತೆ ಹಂದರ ಎದ್ದಿತು. ಅಳಿಯ ಅಷ್ಟರಲ್ಲಿ ಮೀಸೆ ತೆಗೆದಿದ್ದ, ಕಾಡಿಗೆಯಿಂದ ಬರೆದೆವು. ಸೆಕೆಗೆ ಅದು ಇಳಿದು ಇಳಿದು ಗಡ್ಡವಾಯಿತು. ಮದುವೆ ಮಾಡಿಸಿದ್ದ ಅಯ್ಯನವರು, “ಒಮ್ಮೆ ಕಟ್ಟಿದ ತಾಳಿ ಮತ್ತ ಕಟ್ಟಾಕ ಬರೂದಿಲ್ಲ. ಕಟ್ಟಿಧಂಗ ಕೈ ಹಿಡಕೊಂಡ ನಿಲ್ಲು” ಎಂದರು. ದಾರಿಯಲ್ಲಿ ಹೋಗುವವರು ಹಂದರ ನೋಡಿ ಒಳಗೆ ಬಂದರು. ಒಬ್ಬಾಕೆ ನನ್ನ ಕಿವಿಯಲ್ಲಿ, “ಮೊದಲಿನ ಗಂಡ ಏನಾದ?” ಎಂದು ಕೇಳಿದಳು. ಬಂದವರನ್ನು ಹಾಗೇ ಕಳಿಸಲಿಕ್ಕಾಗದೆ ಗೋಧಿಹುಗ್ಗಿ ಮಾಡಿಸಿದರು. ಎಲ್ಲ ಫೋಟೋಗಳಲ್ಲೂ ಸೋದರಮಾವ ಹೊಸ ರುಮಾಲು ಸುತ್ತಿಕೊಂಡು, ಮಠದ ಸ್ವಾಮಿಗಳಂತೆ ಶಾಂತವಾಗಿ, ನಗುನಗುತ್ತ ಅಕ್ಷತೆ ಹಾಕುತ್ತಿದ್ದರು. ಆಲ್ಬಮ್ ಆಯಿತು. ಎಲ್ಲರಿಗೂ ಸಮಾಧಾನವಾಯಿತು.

ಕೆಲವು ವಾರ ಕಳೆದ ಮೇಲೆ, ಯಾರೋ ಪುಣ್ಯಾತ್ಮರು ಆ ಕೀಲಿ ತೆಗೆಯುವ ಸಾಫ್ಟ್‌ವೇರನ್ನು ಪುಕ್ಕಟೆ ಬಿಟ್ಟಿದ್ದಾರೆ ಅಂತ ಕೇಳಿದೆ. ತಂದು ಹಾಕಿದೆ. ಫೈಲುಗಳು ಒಂದೊಂದಾಗಿ ತೆರೆದುಕೊಂಡವು. ಹೇಗೆ ಅಂತ ಕೇಳಬೇಡಿ, ನನಗೆ ಇವತ್ತಿಗೂ ಗೊತ್ತಿಲ್ಲ. ಗೆಳೆಯನೂ ನಾನೂ ಕುಣಿಯುತ್ತ ಲ್ಯಾಪ್‌ಟಾಪ್ ಹೊತ್ತು ಮುರಗೋಡಕ್ಕೆ ಹೋದೆವು. ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಒತ್ತಿ ಕುಳಿತರು.

ಮೊದಲು ಅಜ್ಜಿ, ಮೊಮ್ಮಗಳು ಬಂದರು. ಅಜ್ಜಿ ಕಣ್ಣೊರೆಸಿಕೊಂಡಳು. ಆಮೇಲೆ ಅಕ್ಷತೆ ಬೀಳುವ ಫೋಟೋ. ಮದುಮಕ್ಕಳ ಬೆನ್ನ ಹಿಂದೆ ಸೋದರಮಾವ ದೋತರ ಮೇಲಕ್ಕೆ ಕಟ್ಟಿ, ಹೋಳಿಹಬ್ಬದಲ್ಲಿ ಬೊಬ್ಬೆ ಹೊಡೆಯುವವರ ಹಾಗೆ ಬಾಯಿ ತೆರೆದು ನಿಂತಿದ್ದರು. ಊಟಕ್ಕೆ ಯಾರ ಪಂಕ್ತಿ ಮೊದಲು ಅಂತ ಬೀಗರ ಜೊತೆ ಅವತ್ತು ಜಗಳವಾಗಿತ್ತಂತೆ. ನನಗೆ ತಿಳಿದದ್ದೇ ಆಗ. ಮುಂದಿನ ಫೋಟೋದಲ್ಲಿ ಅವರ ಕೈಯಲ್ಲಿ ಗಂಡಿನ ಕಾಕಾನ ಅಂಗಿಯ ಕಾಲರು. ಅದರ ಮುಂದಿನದರಲ್ಲಿ ನಾಲ್ಕು ಮಂದಿ ಅವರನ್ನು ಎತ್ತಿ ಹಿಡಿದಿದ್ದರು, ರುಮಾಲು ಮದುಮಗನ ಕಾಲ ಕೆಳಗೆ ಬಿದ್ದಿತ್ತು. ಕೊನೆಯದರಲ್ಲಿ ಮುಖದ ತುಂಬ ಹುಗ್ಗಿ ಮೆತ್ತಿಕೊಂಡು ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದರು. ಅಜ್ಜಿ ನಕ್ಕು ನಕ್ಕು ಕೆಮ್ಮಿದಳು. “ಇದ ನಮ್ಮ ಖರೇ ಮದವಿ! ಇದನ್ನ ದೊಡ್ಡದು ಮಾಡಿಸಿ ಗ್ವಾಡಿಗೆ ಹಾಕ್ರಿ!”

ಸೋದರಮಾವ ಎದ್ದು ಬಂದು ನನ್ನ ರಟ್ಟೆ ಹಿಡಿದು ದನದ ಕೊಟ್ಟಿಗೆಯ ಹಿಂದೆ ಕರೆದುಕೊಂಡು ಹೋದರು. ಆ ದೊಡ್ಡ ದನಿ ಅಂದು ಇಲಿಯ ದನಿಯಾಗಿತ್ತು.

“ತಮ್ಮಾ, ಆ ಪರದೇಶದಾಂವ ಕೀಲಿ ತಗಿಯಾಕ ರೊಕ್ಕ ಕೇಳಿದ್ದ, ಹೌದಿಲ್ಲೊ?”

“ಹೌದ್ರಿ ಮಾವಾರ.”

ಅತ್ತಿತ್ತ ನೋಡಿ, ಇನ್ನೂ ಹತ್ತಿರ ಬಂದರು.

“ಮತ್ತೊಮ್ಮೆ ಹಾಕಾಕ ಎಷ್ಟ ತಗೊಂತಾನ, ಕೇಳು.”